ಹಿಂದಿನ ತಾರೀಖಿನ ವೇತನ, ಇಂದಿನ ತೆರಿಗೆ

ವೇತನ ಪರಿಷ್ಕರಣೆಯ ಆದೇಶ ಹೊರಬೀಳುವ ದಿನಕ್ಕೂ ಅದು ಅನ್ವಯವಾಗುವ ದಿನಕ್ಕೂ ನಡುವೆ ತಿಂಗಳುಗಳೋ ವರ್ಷಗಳೋ ಸರಿದುಹೋಗಿದ್ದರೆ, ಆ ಅವಧಿಯಲ್ಲಿ ನೌಕರನಿಗೆ ಸಲ್ಲಬೇಕಾಗಿದ್ದ ಮೊತ್ತಕ್ಕೂ ಅವನು ವಾಸ್ತವವಾಗಿ ಪಡೆದ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಹಿಂಬಾಕಿ ಎಂದು ಕರೆಯಲಾಗುತ್ತದೆ. ಈ ಹಿಂಬಾಕಿಯ ತೊಡಕೆಲ್ಲ ಇರುವುದು ಅದನ್ನು ಅಳೆಯುವ ದಿನಾಂಕಗಳಲ್ಲಿ: ಆದಾಯ ತೆರಿಗೆ ಇಲಾಖೆ ಹಣ ಕೈಸೇರಿದ ವರ್ಷವನ್ನು ನೋಡುತ್ತದೆ, ಪಿಂಚಣಿಯ ವಂತಿಗೆ ಹಿಂದಿನ ತಿಂಗಳುಗಳ ವೇತನದ ಮೇಲೆ ಲೆಕ್ಕವಾದರೂ ಖಾತೆಗೆ ಜಮೆಯಾಗುವುದು ಇಂದು, ನಿವೃತ್ತಿಯ ಇಡಿಗಂಟುಗಳಾದರೋ ಆದೇಶದ ಯಾವ ಕಂಡಿಕೆಯಲ್ಲಿ ಯಾವ ತಾರೀಖು ಬರೆದಿದೆ ಎಂಬುದನ್ನೇ ನಂಬಿಕೊಂಡಿರುತ್ತವೆ.

ಗದಗ ಜಿಲ್ಲೆಯಲ್ಲಿ ಈ ವಿಷಯ ತಟ್ಟದ ಓಣಿ ಸಿಗುವುದು ಕಷ್ಟ. ಗದಗ ಜಂಕ್ಷನ್ನಿನ ರೈಲ್ವೆ ಸಿಬ್ಬಂದಿಗೆ ಕೇಂದ್ರದ ಆರನೇ ವೇತನ ಆಯೋಗದ ಹಿಂಬಾಕಿ, 2006ರ ಜನವರಿ 1ರಿಂದ ಲೆಕ್ಕಹಾಕಲ್ಪಟ್ಟು, ಶೇ 40ರಷ್ಟು 2008-09ರಲ್ಲಿಯೂ ಉಳಿದ ಶೇ 60ರಷ್ಟು 2009-10ರಲ್ಲಿಯೂ ಬಂದಿತ್ತು. ಬ್ಯಾಂಕ್ ನೌಕರರ ಹನ್ನೆರಡನೆಯ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಮಾರ್ಚ್ 8ರಂದು, ಅನ್ವಯವಾದದ್ದು 2022ರ ನವೆಂಬರ್ 1ರಿಂದ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಗದಗ ವಿಭಾಗದ ಚಾಲಕ-ನಿರ್ವಾಹಕರಿಗೆ, ರಾಜ್ಯದ ಇತರ ಮೂರು ನಿಗಮಗಳ ನೌಕರರಂತೆಯೇ, ಶೇ 15ರ ಏರಿಕೆ 2023ರ ಮಾರ್ಚ್‌ನಿಂದ ಕೈಗೆ ಬಂದರೂ ಅದು ಸಲ್ಲಬೇಕಾದದ್ದು 2020ರ ಜನವರಿ 1ರಿಂದ ಎಂಬುದು ಸಂಘಟನೆಗಳ ವಾದವಾಗಿದ್ದು, ನಡುವಣ 38 ತಿಂಗಳ ಬಾಕಿಯನ್ನು ಮುಂದಿಟ್ಟುಕೊಂಡೇ 2025ರ ಆಗಸ್ಟ್ 5ರ ಮುಷ್ಕರ ನಡೆಯಿತು. ಇವುಗಳ ಜೊತೆಗೆ ಸುದ್ದಿಯಾಗದ ಹಿಂಬಾಕಿಗಳೂ ಇವೆ: ಮುಂಡರಗಿಯ ಶಿಕ್ಷಕರೊಬ್ಬರ ಕಾಲಮಿತಿ ಬಡ್ತಿಯ ಕಡತ ಮೇಜಿನಿಂದ ಮೇಜಿಗೆ ಅಲೆದು ಮೂರು ವರ್ಷ ತಡವಾಗಿ ಮಂಜೂರಾದರೆ ಅದರ ಪರಿಣಾಮವೂ ಇದೇ ಆಗಿರುತ್ತದೆ.

ತೆರಿಗೆಯ ನಿಯಮವನ್ನು ಮೊದಲು ನೋಡಬಹುದು. ವೇತನದ ಆದಾಯವು ಸಲ್ಲತಕ್ಕದ್ದಾದ ವರ್ಷ ಅಥವಾ ಕೈಸೇರಿದ ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಆ ವರ್ಷದಲ್ಲಿ ತೆರಿಗೆಗೆ ಒಳಪಡುತ್ತದೆ. ಹಿಂದೆ ತೆರಿಗೆಗೆ ಒಳಪಡದೆ ಉಳಿದ ಹಿಂಬಾಕಿ, ಪಾವತಿಯಾದ ವರ್ಷದ ಆದಾಯಕ್ಕೇ ಸೇರಿಕೊಳ್ಳುತ್ತದೆ. ಹಲವು ವರ್ಷಗಳ ಗಳಿಕೆ ಒಂದೇ ವರ್ಷದ ತಲೆಯ ಮೇಲೆ ಬಿದ್ದು ನೌಕರ ಮೇಲಿನ ದರದ ಹಂತಕ್ಕೆ ಏರಿಬಿಡುವ ಈ ಅನ್ಯಾಯವನ್ನು ಸರಿಪಡಿಸಲೆಂದೇ 1961ರ ಆದಾಯ ತೆರಿಗೆ ಕಾಯ್ದೆಯ 89ನೇ ಕಲಮು ಪರಿಹಾರವೊಂದನ್ನು ಒದಗಿಸಿತ್ತು, ಅದರ ಲೆಕ್ಕದ ವಿಧಾನವನ್ನು 21ಎ ನಿಯಮ ವಿವರಿಸುತ್ತಿತ್ತು; 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯ್ದೆಯಲ್ಲಿಯೂ ಈ ಪರಿಹಾರ ಉಳಿದುಕೊಂಡಿದೆ. ವಿಧಾನ ಸರಳವಾದದ್ದು: ಹಿಂಬಾಕಿಯಿಂದಾಗಿ ಈ ವರ್ಷ ಎಷ್ಟು ತೆರಿಗೆ ಹೆಚ್ಚಾಯಿತು ಎಂಬುದನ್ನೂ, ಅದೇ ಹಣ ಆಯಾ ವರ್ಷದಲ್ಲಿಯೇ ಬಂದಿದ್ದರೆ ಆಗ ಎಷ್ಟು ಹೆಚ್ಚಾಗುತ್ತಿತ್ತು ಎಂಬುದನ್ನೂ ಬೇರೆ ಬೇರೆಯಾಗಿ ಲೆಕ್ಕಹಾಕಿ, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಪರಿಹಾರದ ಮೊತ್ತ.

ಉದಾಹರಣೆಗೆ, ಗದಗದ ಪದವಿ ಕಾಲೇಜೊಂದರ ಅಧ್ಯಾಪಕರಿಗೆ 2025-26ರಲ್ಲಿ, ಹೊಸ ತೆರಿಗೆ ಪದ್ಧತಿಯಲ್ಲಿ, ಪ್ರಮಾಣಿತ ಕಡಿತ ಕಳೆದ ಮೇಲೆ 11,50,000 ರೂಪಾಯಿ ತೆರಿಗೆಯೋಗ್ಯ ಆದಾಯವಿದೆ ಎಂದುಕೊಳ್ಳಬಹುದು. 12 ಲಕ್ಷದವರೆಗಿನ ರಿಯಾಯಿತಿಯ ಕಾರಣ ಅವರ ತೆರಿಗೆ ಸೊನ್ನೆ. ಅದೇ ವರ್ಷ 2021-22ಕ್ಕೆ ಸೇರಿದ 2,40,000 ರೂಪಾಯಿ ಹಿಂಬಾಕಿ ಬಂದರೆ ಆದಾಯ 13,90,000ಕ್ಕೆ ಏರಿ, ರಿಯಾಯಿತಿ ಪೂರ್ತಿಯಾಗಿ ಕೈತಪ್ಪಿ, ಸೆಸ್ ಸೇರಿ 92,040 ರೂಪಾಯಿ ತೆರಿಗೆ ಬೀಳುತ್ತದೆ. ಅಂದರೆ ಬಂದ ಹಿಂಬಾಕಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆರಿಗೆಗೇ ಹೋಗುತ್ತದೆ. 2021-22ರಲ್ಲಿ ಹಳೆಯ ಪದ್ಧತಿಯಲ್ಲಿ ಅವರ ತೆರಿಗೆಯೋಗ್ಯ ಆದಾಯ 7,00,000 ಆಗಿದ್ದಲ್ಲಿ, ಈ ಹಣ ಆಗಲೇ ಬಂದಿದ್ದರೆ ಶೇ 20ರ ದರದಲ್ಲಿ ಸೆಸ್ ಸೇರಿ 49,920 ರೂಪಾಯಿ ಮಾತ್ರ ಹೆಚ್ಚಾಗುತ್ತಿತ್ತು. ವ್ಯತ್ಯಾಸವಾದ 42,120 ರೂಪಾಯಿ ಅವರಿಗೆ ದೊರೆಯಬೇಕಾದ ಪರಿಹಾರ. 2025-26ರ ಮಟ್ಟಿಗೆ ಇದನ್ನು ಪಡೆಯಲು ಆದಾಯ ವಿವರಣೆ ಸಲ್ಲಿಸುವ ಮೊದಲೇ 10ಇ ನಮೂನೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ತುಂಬಿರಬೇಕು. ನಮೂನೆ ತುಂಬದೆ ವಿವರಣೆಯಲ್ಲಿ ಪರಿಹಾರವನ್ನು ಕೇಳಿದವರಿಗೆ ಕೆಲವು ತಿಂಗಳ ನಂತರ ಬಾಕಿ ತೆರಿಗೆಯ ಸೂಚನೆ ಬರುವುದು ಖಚಿತವೆಂದೇ ತಿಳಿಯಬೇಕು.

ಇದೇ ಲೆಕ್ಕ ತಿರುಗುಮುರುಗಾಗುವುದೂ ಉಂಟು. ಶಿರಹಟ್ಟಿಯ ನಿರ್ವಾಹಕರೊಬ್ಬರ ತೆರಿಗೆಯೋಗ್ಯ ಆದಾಯ 2021-22ರಲ್ಲಿ 4,80,000 ಇದ್ದು, 5 ಲಕ್ಷದ ಒಳಗಿನ ರಿಯಾಯಿತಿಯಿಂದ ತೆರಿಗೆ ಇರಲಿಲ್ಲವೆಂದು ಭಾವಿಸಿದರೆ, ಆ ವರ್ಷದ್ದೇ ಆದ 60,000 ರೂಪಾಯಿ ಆಗಲೇ ಬಂದಿದ್ದಲ್ಲಿ ಆದಾಯ 5,40,000 ಆಗಿ ಅವರು 21,320 ರೂಪಾಯಿ ತೆರಿಗೆ ಕಟ್ಟಬೇಕಾಗುತ್ತಿತ್ತು. ಅದೇ ಹಣ ತಡವಾಗಿ, ಒಟ್ಟು ಆದಾಯ 12 ಲಕ್ಷದೊಳಗೇ ಇರುವ ಈಗಿನ ವರ್ಷಗಳಲ್ಲಿ ಬಂದರೆ ಹೊಸ ಪದ್ಧತಿಯಲ್ಲಿ ಒಂದು ರೂಪಾಯಿ ತೆರಿಗೆಯೂ ಇಲ್ಲ. ಪರಿಹಾರವನ್ನು ಕೇಳುವುದು ನೌಕರನ ಹಕ್ಕೇ ಹೊರತು ಕಡ್ಡಾಯವಲ್ಲವಾದ್ದರಿಂದ ಹಳೆಯ ವರ್ಷದ ಲೆಕ್ಕವನ್ನು ಯಾರೂ ಬಿಚ್ಚಿ ಕೂರುವುದಿಲ್ಲ. ಹೀಗಾಗಿ ಸಾರಿಗೆ ನೌಕರರ 38 ತಿಂಗಳ ಬಾಕಿ ಕೈಸೇರಿದಲ್ಲಿ ಅವರಲ್ಲಿ ಬಹುತೇಕರಿಗೆ, ಬೇರೇನೇ ನಷ್ಟವಾಗಿದ್ದರೂ, ತೆರಿಗೆಯ ಮಟ್ಟಿಗೆ ತಡವಾದದ್ದೇ ಲಾಭವಾಗಿರುತ್ತದೆ. ಸರ್ಕಾರ ಉದ್ದೇಶಿಸದೆ ಕೊಟ್ಟ ಉಡುಗೊರೆ ಇದೊಂದೇ ಇರಬೇಕು.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರವಾಗುವುದು ಹಿಂಬಾಕಿ ಬಿಲ್ಲಿಗೆ ಲಗತ್ತಿಸುವ ವ್ಯತ್ಯಾಸ ತಖ್ತೆ. ತಿಂಗಳಿಗೊಂದು ಸಾಲು, ಪ್ರತಿ ಸಾಲಿನಲ್ಲಿ ಪಡೆಯಬೇಕಾದ ಮೂಲವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಅದರ ಪಕ್ಕದಲ್ಲಿ ಪಡೆದ ಮೊತ್ತಗಳು, ಕೊನೆಯ ಅಂಕಣದಲ್ಲಿ ವ್ಯತ್ಯಾಸ. ಈ ಬರಹದ ಲೇಖಕ ತನ್ನ ಸೇವಾವಧಿಯಲ್ಲಿ ತಡವಾಗಿ ಮಂಜೂರಾದ ಬಡ್ತಿಯೊಂದರ ಹಿಂಬಾಕಿಯನ್ನು ಪಡೆದಾಗ, ಕಚೇರಿಯಿಂದ ಬಂದ ನಮೂನೆ 16ರಲ್ಲಿ ಇಡೀ ಮೊತ್ತ ಚಾಲ್ತಿ ವರ್ಷದ ವೇತನವೆಂದೇ ನಮೂದಾಗಿತ್ತಲ್ಲದೆ, ಫೆಬ್ರುವರಿಯ ಪಗಾರದಲ್ಲಿ ತೆರಿಗೆ ಮುರಿದುಕೊಂಡ ಮೇಲೆ ಕೈಗೆ ಬಂದದ್ದು ಅತ್ಯಲ್ಪವಾಗಿತ್ತು. ತಖ್ತೆಯ ಪ್ರತಿಯನ್ನು ಕೇಳಿದಾಗ ಬಿಲ್ಲು ಖಜಾನೆಗೆ ಹೋಗಿಬಿಟ್ಟಿದೆ ಎಂಬ ಉತ್ತರ ದೊರೆಯಿತು. ಕೊನೆಗೆ ಲೆಕ್ಕಪತ್ರ ವಿಭಾಗದ ಗುಮಾಸ್ತರೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಉಳಿದಿದ್ದ ಹಾಳೆಯನ್ನು ಮುದ್ರಿಸಿ ಕೊಟ್ಟ ಮೇಲೆಯೇ, ಮಾರ್ಚ್ ತಿಂಗಳ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋಗಿ, ಆರ್ಥಿಕ ವರ್ಷವಾರು ಮೊತ್ತಗಳನ್ನು ಬೇರ್ಪಡಿಸಲು ಸಾಧ್ಯವಾಯಿತು. ಬಟವಾಡೆ ಅಧಿಕಾರಿಗೆ, ಅಂದರೆ ವೇತನ ಬಿಲ್ಲಿಗೆ ಸಹಿ ಮಾಡಿ ಹಣ ಸೆಳೆಯುವ ಅಧಿಕಾರಿಗೆ, ನೌಕರನು ಪರಿಹಾರದ ನಮೂನೆಯ ವಿವರಗಳನ್ನು ಮೊದಲೇ ಒದಗಿಸಿದರೆ ಮೂಲದಲ್ಲಿ ತೆರಿಗೆ ಕಡಿತ ಮಾಡುವಾಗಲೇ ಪರಿಹಾರವನ್ನು ಕಳೆಯುವ ಅಧಿಕಾರವಿದೆ. ಆ ಅಧಿಕಾರವನ್ನು ಬಳಸುವ ರೂಢಿ ಮಾತ್ರ ತಾಲ್ಲೂಕು ಮಟ್ಟದ ಕಚೇರಿಗಳಲ್ಲಿ ವಿರಳ.

ಪಿಂಚಣಿ ವಂತಿಗೆಯ ವಿಷಯದಲ್ಲಿ ನಷ್ಟ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 2006ರ ಏಪ್ರಿಲ್ 1ರಂದು ಮತ್ತು ಆನಂತರ ಸೇವೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರು ರಾಷ್ಟ್ರೀಯ ಪಿಂಚಣಿ ಯೋಜನೆಯಲ್ಲಿದ್ದು, ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ನ್ನು ಅವರೂ ಶೇ 14ನ್ನು ಸರ್ಕಾರವೂ ಕಟ್ಟುತ್ತಾರೆ. ಈ ಎರಡು ಬಾಬುಗಳಲ್ಲಿ 2,00,000 ರೂಪಾಯಿ ಹಿಂಬಾಕಿ ಬಂದರೆ ನೌಕರನಿಂದ 20,000, ಸರ್ಕಾರದಿಂದ 28,000 ಖಾತೆಗೆ ಹೋಗಬೇಕು. ಸರ್ಕಾರದ ಪಾಲು ಮೊದಲು ವೇತನವೆಂದು ಸೇರಿ ನಂತರ ಕಡಿತವಾಗುವುದರಿಂದ ಹೊಸ ಪದ್ಧತಿಯಲ್ಲಿಯೂ ಅದರ ಮೇಲೆ ತೆರಿಗೆಯ ಹೊರೆ ಬೀಳುವುದಿಲ್ಲ. ನೌಕರನ ಪಾಲಿಗೆ ಮಾತ್ರ ಹಳೆಯ ಪದ್ಧತಿಯಲ್ಲಷ್ಟೇ ವಿನಾಯಿತಿ. ಆದರೆ ಈ ಹಣಕ್ಕೆ ಯೂನಿಟ್‌ಗಳು ಸಿಗುವುದು ಜಮೆಯಾದ ದಿನದ ಬೆಲೆಯಲ್ಲಿ. ಮೂರು ವರ್ಷದ ಹಿಂದಿನ ಬೆಲೆಯಲ್ಲಿ ಹೆಚ್ಚು ಯೂನಿಟ್ ಕೊಡುತ್ತಿದ್ದ ಅದೇ ಮೊತ್ತ ಇಂದು ಕಡಿಮೆ ಕೊಟ್ಟರೆ, ಆ ಕೊರತೆ ನಿವೃತ್ತಿಯವರೆಗೂ ಹಿಂಬಾಲಿಸುತ್ತದೆ, ಮತ್ತು ಅದನ್ನು ತುಂಬಿಕೊಡುವ ಮಾತು ವೇತನ ಪರಿಷ್ಕರಣೆಯ ಆದೇಶಗಳಲ್ಲಿ ಕಾಣಸಿಗುವುದಿಲ್ಲ.

ಸಾರಿಗೆ ನೌಕರರದ್ದು ಬೇರೆ ದಾರಿ. ಅವರು 1995ರ ನೌಕರರ ಪಿಂಚಣಿ ಯೋಜನೆಗೆ ಸೇರಿದವರಾಗಿದ್ದು, ಅದರಲ್ಲಿ ಸಾಮಾನ್ಯವಾಗಿ ತಿಂಗಳಿಗೆ 15,000 ರೂಪಾಯಿಯ ವೇತನ ಮಿತಿಯ ಮೇಲಷ್ಟೇ ವಂತಿಗೆ ಲೆಕ್ಕವಾಗುತ್ತದೆ. ಈ ಮಿತಿಯನ್ನು ಮೊದಲೇ ದಾಟಿದವರಿಗೆ ಹಿಂಬಾಕಿಯಿಂದ ಭವಿಷ್ಯ ನಿಧಿ ಬೆಳೆಯುತ್ತದೆಯೇ ಹೊರತು ಪಿಂಚಣಿ ಏರುವುದಿಲ್ಲ. ಸುಪ್ರೀಂ ಕೋರ್ಟಿನ 2022ರ ನವೆಂಬರ್ 4ರ ತೀರ್ಪಿನ ಆಧಾರದ ಮೇಲೆ ಪೂರ್ಣ ವೇತನದ ಪಿಂಚಣಿಯನ್ನು ಆಯ್ದುಕೊಂಡವರಿಗೆ ಮಾತ್ರ ಕೊನೆಯ 60 ತಿಂಗಳ ಸರಾಸರಿಯೇ ಆಧಾರವಾದ್ದರಿಂದ, ಆ ತಿಂಗಳುಗಳ ವೇತನ ಹಿಂದಿನಿಂದ ಪರಿಷ್ಕೃತವಾಯಿತೇ, ಅದರ ಮೇಲೆ ವಂತಿಗೆ ಕಟ್ಟಲಾಯಿತೇ ಎಂಬುದು ದೊಡ್ಡ ಪ್ರಶ್ನೆ. ಉಪದಾನ, ಅಂದರೆ ಸೇವಾವಧಿಗೆ ತಕ್ಕಂತೆ ಕೊಡುವ ಇಡಿಗಂಟು, ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ಸೇವಾ ವರ್ಷಗಳಿಂದ ಮತ್ತೆ ಗುಣಿಸಿದಾಗ ಬರುವ ಮೊತ್ತ. 30 ವರ್ಷ ದುಡಿದು 2021ರಲ್ಲಿ ನಿವೃತ್ತರಾದ ಚಾಲಕರೊಬ್ಬರ ಕೊನೆಯ ವೇತನ ಹಿಂದಿನಿಂದ 4,000 ರೂಪಾಯಿ ಏರಿದರೆ ಉಪದಾನದಲ್ಲಿ ಸುಮಾರು 69,000 ರೂಪಾಯಿ ವ್ಯತ್ಯಾಸವಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಕಾಲ್ಪನಿಕ ವೇತನ ನಿಗದಿಯ ಪ್ರಸಂಗ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ, 2022ರ ಜುಲೈ 1ಕ್ಕೆ ಇದ್ದ ಮೂಲವೇತನಕ್ಕೆ ಶೇ 31ರ ತುಟ್ಟಿಭತ್ಯೆಯನ್ನೂ ಶೇ 27.5ರ ಫಿಟ್‌ಮೆಂಟನ್ನೂ ಕೂಡಿಸಿ ಹೊಸ ವೇತನವನ್ನು ಆ ದಿನಾಂಕದಿಂದಲೇ ನಿಗದಿಪಡಿಸಲಾಯಿತಾದರೂ, ನಗದು ಲಾಭವನ್ನು ಕೊಟ್ಟದ್ದು 2024ರ ಆಗಸ್ಟ್ 1ರಿಂದ. ಕಾಗದದ ಮೇಲೆ ಏರಿಕೆ ಹಿಂದಿನಿಂದ, ಕೈಗೆ ಬರುವುದು ಇಂದಿನಿಂದ ಎಂಬ ಈ ಏರ್ಪಾಟು ಸೇವೆಯಲ್ಲಿದ್ದವರಿಗೆ 25 ತಿಂಗಳ ವ್ಯತ್ಯಾಸವನ್ನಷ್ಟೇ ತಪ್ಪಿಸಿತು. ಆದರೆ ಆ ನಡುವೆ ನಿವೃತ್ತರಾದವರಿಗೆ ತಿಂಗಳ ಪಿಂಚಣಿ ಹೊಸ ವೇತನದ ಮೇಲೆ ನಿಗದಿಯಾದರೂ, ಉಪದಾನ, ಪಿಂಚಣಿ ಪರಿವರ್ತನೆ ಮತ್ತು ಗಳಿಕೆ ರಜೆ ನಗದೀಕರಣಗಳು ಹಳೆಯ ವೇತನದ ಮೇಲೆಯೇ ನಿಂತವು. 40,000 ರೂಪಾಯಿ ಮೂಲವೇತನದವರ ಪಿಂಚಣಿ 20,000ದಿಂದ ಸುಮಾರು 31,700ಕ್ಕೆ ಏರಿದರೆ, ಇಡಿಗಂಟುಗಳು ಮಾತ್ರ 40,000ಕ್ಕೇ ಅಂಟಿಕೊಂಡವು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಆ 25 ತಿಂಗಳಲ್ಲಿ ನಿವೃತ್ತರಾದ ಲಕ್ಷ್ಮೇಶ್ವರ, ಶಿರಹಟ್ಟಿ ಭಾಗದ ಶಿಕ್ಷಕರಲ್ಲಿ ಅನೇಕರ ಸೇವಾ ಪುಸ್ತಕದ ಮೊದಲ ಪುಟಗಳಲ್ಲಿ ಧಾರವಾಡ ಜಿಲ್ಲೆಯ ಮೊಹರೇ ಇದೆ. ಮೂರು ದಶಕ ದುಡಿದವರಿಗೆ ಒಂದೇ ವೇತನವನ್ನು ಒಂದು ಉದ್ದೇಶಕ್ಕೆ ನಿಜವೆಂದೂ ಇನ್ನೊಂದಕ್ಕೆ ಕಾಲ್ಪನಿಕವೆಂದೂ ಹೇಳುವುದು ಬೊಕ್ಕಸಕ್ಕೆ ಅನುಕೂಲಕರವೇ ಹೊರತು ನ್ಯಾಯವೆನ್ನಿಸಿಕೊಳ್ಳದು. ಸರ್ಕಾರಿ ನೌಕರರ ಉಪದಾನಕ್ಕೂ ನಿವೃತ್ತಿಯ ಸಮಯದ ರಜೆ ನಗದೀಕರಣಕ್ಕೂ ಆದಾಯ ತೆರಿಗೆಯೇ ಇಲ್ಲವಾದ್ದರಿಂದ ಕಳೆದುಕೊಂಡ ಪ್ರತಿ ರೂಪಾಯಿಯೂ ಪೂರ್ತಿ ರೂಪಾಯಿಯೇ. ಪಿಂಚಣಿಯ ಹಿಂಬಾಕಿಯಾದರೆ ವೇತನದಂತೆಯೇ ತೆರಿಗೆಗೆ ಒಳಪಡುತ್ತದೆ. ಅದಕ್ಕೂ ಕುಟುಂಬ ಪಿಂಚಣಿಯ ಹಿಂಬಾಕಿಗೂ ಮೇಲೆ ಹೇಳಿದ ಪರಿಹಾರ ದೊರೆಯುತ್ತದೆ ಎಂಬುದು ಬಹಳಷ್ಟು ಪಿಂಚಣಿದಾರರಿಗೆ ತಿಳಿದಿಲ್ಲ.

ಸರ್ಕಾರಿ ಸೌಲಭ್ಯಗಳ ಮೇಲಿನ ಪರಿಣಾಮ ಎಲ್ಲೆಡೆ ಒಂದೇ ಬಗೆಯದಲ್ಲ. ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರಕ್ಕೆ ಹಿಂದಿನ ಆರ್ಥಿಕ ವರ್ಷದ ಕುಟುಂಬದ ಒಟ್ಟು ಆದಾಯ 8 ಲಕ್ಷದೊಳಗಿರಬೇಕಾದ್ದರಿಂದ, ತಂದೆಗೆ ಬಂದ ಒಂದು ವರ್ಷದ ಹಿಂಬಾಕಿ ಮಗಳ ಎಂಜಿನಿಯರಿಂಗ್ ಪ್ರವೇಶದ ಮೀಸಲಾತಿಯನ್ನೇ ಆ ವರ್ಷದ ಮಟ್ಟಿಗೆ ಕಸಿಯಬಹುದು. ಕೇಂದ್ರದ ಇತರ ಹಿಂದುಳಿದ ವರ್ಗಗಳ ಕೆನೆಪದರದ ನಿಯಮದಲ್ಲಾದರೆ ಸತತ ಮೂರು ವರ್ಷಗಳ ಆದಾಯವನ್ನು ನೋಡಲಾಗುತ್ತದೆ, ಅದರಲ್ಲಿ ವೇತನದ ಆದಾಯ ಸೇರುವುದೂ ಇಲ್ಲ. ಅಲ್ಲಿ ಹಿಂಬಾಕಿಯಿಂದ ತೊಂದರೆಯಿಲ್ಲ. ಗೃಹಲಕ್ಷ್ಮಿ ಯೋಜನೆಯಲ್ಲಿ ಪತಿ ಅಥವಾ ಪತ್ನಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ತಿಂಗಳ 2,000 ರೂಪಾಯಿ ದೊರೆಯುವುದಿಲ್ಲವಾದ್ದರಿಂದ, ಹಿಂಬಾಕಿಯ ಕಾರಣಕ್ಕೆ ಒಂದೇ ವರ್ಷ ತೆರಿಗೆ ಕಟ್ಟಿದ ಸಣ್ಣ ನೌಕರರ ಮನೆಯವರು ತಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಹಿಂಬಾಕಿ ಪಡೆಯಲಿರುವವರು ಮಾಡಬೇಕಾದದ್ದು ಹೆಚ್ಚೇನಿಲ್ಲ: ಬಿಲ್ಲು ಖಜಾನೆಗೆ ಹೋಗುವ ಮೊದಲೇ ವ್ಯತ್ಯಾಸ ತಖ್ತೆಯ ಪ್ರತಿಯನ್ನು ಕೇಳಿ ಪಡೆಯಬೇಕು, ಸಂಬಂಧಪಟ್ಟ ಹಿಂದಿನ ವರ್ಷಗಳ ಆದಾಯ ವಿವರಣೆಗಳನ್ನು ಪೋರ್ಟಲ್‌ನಿಂದ ಇಳಿಸಿಕೊಂಡಿರಬೇಕು, ಪರಿಹಾರದ ನಮೂನೆ ತುಂಬಿದ ನಂತರವೇ ವಿವರಣೆ ಸಲ್ಲಿಸಬೇಕು. ಬಟವಾಡೆ ಅಧಿಕಾರಿಗಳಲ್ಲಿ ಮಾಡಬೇಕಾದ ವಿನಂತಿಯೂ ಒಂದೇ: ಹಿಂಬಾಕಿ ಜಮೆಯಾದ ದಿನವೇ ಆರ್ಥಿಕ ವರ್ಷವಾರು ಮೊತ್ತವನ್ನು ಬರೆದ ಒಂದು ಹಾಳೆಯನ್ನು, ನೌಕರ ಕೇಳುವವರೆಗೆ ಕಾಯದೆ, ಅವನ ಕೈಗಿಡಬೇಕು.