ಬೆಸುಗೆ ಹಾಕಿದ್ದಕ್ಕೆ ಮೊದಲು ದುಡ್ಡು

ಮಗೂ, ಕಾಲೇಜು ಶುರುವಾಗುವ ಮೊದಲೇ ಹೊಸ ಲ್ಯಾಪ್‌ಟಾಪ್ ತರಿಸಿಕೊಳ್ಳಲು ಹೊರಟಿದ್ದೀಯ, ಸಂತೋಷ. ಆರ್ಡರ್ ಮಾಡಲು ಕೂತರೆ ಒಂದೊಂದು ಭಾಗದ ಮುಂದೆಯೂ ಇನ್ನಿಷ್ಟು ಸಾವಿರ ಕೊಟ್ಟರೆ ಇದಕ್ಕಿಂತ ಒಳ್ಳೆಯದು ಎಂದು ತೋರಿಸುತ್ತಲೇ ಹೋಗುತ್ತಾರೆ. ಎಲ್ಲಕ್ಕೂ ಹೂಂ ಅಂದರೆ ಅಪ್ಪ ಎತ್ತಿಟ್ಟ ದುಡ್ಡು ಸಾಲದು. ಎಲ್ಲಕ್ಕೂ ಬೇಡ ಅಂದರೆ ಎರಡನೇ ವರ್ಷಕ್ಕೇ ಯಂತ್ರ ಏದುಸಿರು ಬಿಡುತ್ತದೆ. ಆಮೇಲೆ ಬದಲಿಸಲು ಆಗದ ಭಾಗಗಳಿಗೆ ಈಗ ದುಡ್ಡು ಹಾಕು, ಬದಲಿಸಬಹುದಾದದ್ದನ್ನು ಮುಂದಕ್ಕೆ ಬಿಡು. ಮನೆ ಕಟ್ಟಿಸುವಾಗ ಗಾರೆ ಬಳಿಯುವ ಮೊದಲೇ ಗೋಡೆಯೊಳಗೆ ವೈರಿನ ಪೈಪು ಇಡಿಸುತ್ತೇವೆ, ಫ್ಯಾನನ್ನು ಕೈಯಲ್ಲಿ ಕಾಸಾದಾಗ ತರುತ್ತೇವೆ. ಇಲ್ಲಿಯೂ ಅದೇ ಲೆಕ್ಕ.

ಮೊದಲು ರ‍್ಯಾಮ್ ನೋಡು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಇರಬೇಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಯಂತ್ರ ಶುರುವಾಗಲು ಅಷ್ಟು ಸಾಕು, ಕೆಲಸ ಮಾಡಲು ಸಾಲದು. ಬ್ರೌಸರಿನಲ್ಲಿ ಹತ್ತು ಹದಿನೈದು ಟ್ಯಾಬು, ಪಕ್ಕದಲ್ಲೊಂದು ಆನ್‌ಲೈನ್ ಕ್ಲಾಸು, ಜೊತೆಗೆ ಒಂದು ವರ್ಡ್ ಫೈಲು ತೆರೆದರೆ 8 ಜಿಬಿಯೂ ಬಿಗಿಯಾಗುತ್ತದೆ. ನಾಲ್ಕು ವರ್ಷಕ್ಕೆಂದು ಕೊಳ್ಳುವವಳಿಗೆ 16 ಜಿಬಿ ಬೇಕು.

ಆ 16ನ್ನು ಈಗಲೇ ಹಾಕಿಸಬೇಕೋ ಮುಂದೆ ಹಾಕಿಸಿದರೂ ಆಗುತ್ತದೋ ಎಂಬುದು ಸ್ಪೆಸಿಫಿಕೇಶನ್ ಪಟ್ಟಿಯ ಒಂದೇ ಸಾಲಿನಲ್ಲಿರುತ್ತದೆ. ಆ ಸಾಲನ್ನು ನಿಧಾನವಾಗಿ ಓದು. 'ಆನ್‌ಬೋರ್ಡ್' ಅಥವಾ 'ಸೋಲ್ಡರ್ಡ್' ಎಂದಿದ್ದರೆ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೆ ಎಂದರ್ಥ. 'ಎಲ್‌ಪಿಡಿಡಿಆರ್5' ಎಂದಿದ್ದರೂ ಬಹುಪಾಲು ಅದೇ ಕಥೆ. ಅಂಥ ಯಂತ್ರವನ್ನು 8 ಜಿಬಿಯಲ್ಲಿ ತಗೊಂಡರೆ ಕೊನೆಯ ದಿನದವರೆಗೂ ಅದು 8 ಜಿಬಿಯೇ, ಯಾವ ಮೆಕ್ಯಾನಿಕ್ಕೂ ನಿನಗೆ ನೆರವಾಗಲಾರ. ತೆಳ್ಳಗೆ, ಹಗುರವಾಗಿರುವ ಮಾದರಿಗಳಲ್ಲಿ ಇದು ಹೆಚ್ಚು. ಮ್ಯಾಕ್‌ಬುಕ್ ಏರ್‌ನಲ್ಲಂತೂ ರ‍್ಯಾಮ್, ಸ್ಟೋರೇಜ್ ಎರಡನ್ನೂ ಕೊಳ್ಳುವಾಗಲೇ ತೀರ್ಮಾನಿಸಬೇಕು. ಬದಲಿಗೆ 'ಸೋಡಿಮ್, 2 ಸ್ಲಾಟ್' ಎಂದಿದ್ದರೆ ನಿಶ್ಚಿಂತೆ. ಸದ್ಯಕ್ಕೆ ಒಂದು 8 ಜಿಬಿ ಕಡ್ಡಿಯಲ್ಲಿ ಕೆಲಸ ಸಾಗಿಸಿ ಇನ್ನೊಂದನ್ನು ಮುಂದಿನ ವರ್ಷ ಸೇರಿಸಬಹುದು. ಸೇರಿಸುವಾಗ ಅದೇ ಅಳತೆಯದ್ದನ್ನೇ ತಾ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ, ವಿಡಿಯೊ ಕೆಲಸವೂ ಈ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದು ಕಡ್ಡಿಯ ಬದಲು ಜೋಡಿ ಇದ್ದಾಗ ಅದು ಎದ್ದು ಕಾಣುವಷ್ಟು ಚುರುಕಾಗುತ್ತದೆ.

ರ‍್ಯಾಮ್ ಹೊರಗೆ ಅಗ್ಗ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಂದು ಹಾಕಿಸಿಕೋ ಎಂದು ಹಿಂದೆ ಯೋಚನೆಯಿಲ್ಲದೆ ಹೇಳಬಹುದಿತ್ತು. 2025ರ ಕೊನೆಯ ಹೊತ್ತಿಗೆ ಆ ಲೆಕ್ಕ ತಪ್ಪಿತು. ಎಐ ಡೇಟಾ ಸೆಂಟರುಗಳು ಮೆಮರಿ ಚಿಪ್ಪುಗಳನ್ನು ರಾಶಿಗಟ್ಟಲೆ ಎತ್ತಿಕೊಳ್ಳತೊಡಗಿ ಬೆಲೆ ಮೇಲಕ್ಕೆ ಹೋಯಿತು. ಆದ್ದರಿಂದ ಕಂಪನಿ ಕೇಳುವ ಹೆಚ್ಚುವರಿ ದುಡ್ಡನ್ನೂ ಅಂಗಡಿಯ ಬೆಲೆಯನ್ನೂ ಆ ದಿನವೇ ಅಕ್ಕಪಕ್ಕ ಇಟ್ಟು ನೋಡು. ಕಂಪನಿಯದ್ದೇ ಅಗ್ಗ ಎನಿಸಿದರೆ ಅಲ್ಲೇ ಹಾಕಿಸು.

ಎಸ್‌ಎಸ್‌ಡಿ ವಿಷಯದಲ್ಲಿ ಇಷ್ಟು ತಲೆಬಿಸಿ ಬೇಡ. ಎನ್‌ವಿಎಂಇ ಬಗೆಯದ್ದಾಗಿರಲಿ, 512 ಜಿಬಿ ಇರಲಿ. ವಿಂಡೋಸ್ ಅದನ್ನು 476 ಜಿಬಿ ಎಂದು ತೋರಿಸಿದಾಗ ಗಾಬರಿಯಾಗಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಮೂರನೇ, ನಾಲ್ಕನೇ ಪೀಳಿಗೆಯ ವೇಗದ ವ್ಯತ್ಯಾಸ ದಿನದ ಕೆಲಸದಲ್ಲಿ ಗೊತ್ತೇ ಆಗದು, ಅದಕ್ಕೆಂದು ದುಡ್ಡು ಸುರಿಯಬೇಡ. ಬಹಳಷ್ಟು ಯಂತ್ರಗಳಲ್ಲಿ ಈ ಭಾಗ ಬದಲಿಸುವುದು ಸುಲಭ. ಕೆಳಗಿನ ಮುಚ್ಚಳದ ಪುಟಾಣಿ ಸ್ಕ್ರೂಗಳನ್ನು ಬಿಚ್ಚಿ, ಅಂಚಿನ ಕ್ಲಿಪ್ಪುಗಳನ್ನು ಹಳೆಯ ಸಿಮ್ ಕಾರ್ಡಿನ ಚೌಕಟ್ಟಿನಂಥ ಪ್ಲಾಸ್ಟಿಕ್ಕಿನಿಂದ ಎಬ್ಬಿಸಿದರೆ ಒಳಗೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಒಂದು ಪಟ್ಟಿ ಕಾಣುತ್ತದೆ. 2280 ಎಂದು ಬರೆಯುವುದು ಆ ಅಳತೆಯನ್ನೇ. ಒಂದೇ ಸ್ಕ್ರೂ ಅದನ್ನು ಹಿಡಿದಿರುತ್ತದೆ. ಕೆಲವು ಮಾದರಿಗಳಲ್ಲಿ 2242 ಎಂಬ ಗಿಡ್ಡ ಪಟ್ಟಿಗೆ ಮಾತ್ರ ಜಾಗವಿರುತ್ತದೆ, ಇನ್ನು ಕೆಲವದರಲ್ಲಿ ಎರಡನೆಯದಕ್ಕೂ ಖಾಲಿ ಜಾಗ ಬಿಟ್ಟಿರುತ್ತಾರೆ. ಇದನ್ನೆಲ್ಲ ತಿಳಿಯಲು ಯಂತ್ರ ಕೈಗೆ ಬರುವವರೆಗೆ ಕಾಯಬೇಕಿಲ್ಲ. ದೊಡ್ಡ ಕಂಪನಿಗಳು ಅನೇಕ ಮಾದರಿಗಳ ಸರ್ವಿಸ್ ಮ್ಯಾನುಯಲನ್ನು ತಮ್ಮ ಸೈಟಿನಲ್ಲೇ ಹಾಕಿರುತ್ತವೆ. ಆರ್ಡರ್ ಒತ್ತುವ ಮೊದಲು ಅದನ್ನು ಇಳಿಸಿಕೊಂಡು ನಿನ್ನ ಮಾದರಿಯ ಒಳಗೇನಿದೆ ಎಂದು ನೋಡು. ನಾನೇ ಬಿಚ್ಚಿದರೆ ವಾರಂಟಿ ಹೋಗುತ್ತದೆಯೇ ಎಂದು ಸರ್ವಿಸ್ ಸೆಂಟರಿಗೆ ಇಮೇಲ್ ಮಾಡಿ, ಬಂದ ಉತ್ತರವನ್ನು ಎತ್ತಿಟ್ಟುಕೋ.

ಪ್ರೊಸೆಸರ್ ಬದಲಿಸುವ ಮಾತೇ ಇಲ್ಲ, ಹಾಗಾಗಿ ಹೆಸರಿಗೆ ಮರುಳಾಗಬೇಡ. ಎಎಂಡಿಯ ರೈಜನ್ 5 7520ಯು ನೋಡು. 7000ದ ಸರಣಿ, ಹೊಸದು ಎಂದೇ ಅನಿಸುತ್ತದೆ. ಆ ಸರಣಿಯಲ್ಲಿ ಒಳಗಿನ ವಿನ್ಯಾಸವನ್ನು ಹೇಳುವುದು ಮೂರನೇ ಅಂಕಿ. ಇಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2. ಅದರ ಪಕ್ಕದಲ್ಲೇ ಇರುವ 7530ಯು ಝೆನ್ 3ರದ್ದು, 7540ಯು ಝೆನ್ 4ರದ್ದು. ಹತ್ತೇ ಅಂಕಿಯ ಅಂತರ, ಒಳಗೆ ಒಂದು ತಲೆಮಾರಿನ ವ್ಯತ್ಯಾಸ. ಇಂಟೆಲ್‌ನಲ್ಲಿ ಕೊನೆಯ ಅಕ್ಷರ ನೋಡು: ಯು ಇದ್ದರೆ ಕಡಿಮೆ ವಿದ್ಯುತ್ತಿನದು, ಎಚ್ ಇದ್ದರೆ ಬಲ ಹೆಚ್ಚು, ಬಿಸಿಯೂ ಹೆಚ್ಚು. ಇತ್ತೀಚಿನ ಐ5 ಇರುವಾಗ ಹಳೆಯ ಐ7ಕ್ಕೆ ಹೆಚ್ಚು ಕೊಡುವುದು ವ್ಯರ್ಥ. ಐ5ರಿಂದ ಐ7ಕ್ಕೆ ಏರಲು ಕೇಳುವ ದುಡ್ಡಿನಲ್ಲಿ ಒಳ್ಳೆಯ ಪರದೆ ಸಿಗುವುದಾದರೆ ಪರದೆಯನ್ನೇ ಆರಿಸಿಕೋ ಎಂಬುದು ನನ್ನ ಖಚಿತ ಅಭಿಪ್ರಾಯ.

ಏಕೆಂದರೆ ದಿನಕ್ಕೆ ಆರೇಳು ಗಂಟೆ ನೀನು ನೋಡುವುದು ಅದನ್ನೇ. ಅಂಗಡಿಯವರಾಗಲಿ ಜಾಹೀರಾತಾಗಲಿ ಇದರ ಬಗ್ಗೆ ಹೆಚ್ಚು ಬಾಯಿ ಬಿಡುವುದಿಲ್ಲ. 'ಫುಲ್ ಎಚ್‌ಡಿ' ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ. ನೀನು ಇನ್ನೆರಡು ಅಂಕಿ ಹುಡುಕು. 250 ನಿಟ್ಸ್ ಎಂದಿದ್ದರೆ ಕಿಟಕಿ ಪಕ್ಕ ಕೂತಾಗ ಅಕ್ಷರ ಮಂಕಾಗುತ್ತದೆ, 300 ಅಥವಾ ಮೇಲಿರಲಿ. '45% ಎನ್‌ಟಿಎಸ್‌ಸಿ' ಎಂದಿದ್ದರೆ ಬಣ್ಣ ಸೋತಿರುತ್ತದೆ, '100% ಎಸ್‌ಆರ್‌ಜಿಬಿ' ಎಂದಿದ್ದರೆ ಕಣ್ಣಿಗೆ ಹಿತ. ಒತ್ತಕ್ಷರ, ಗುಣಿತ ತುಂಬಿದ ಕನ್ನಡದ ಸಾಲನ್ನು ಸಣ್ಣ ಅಕ್ಷರದಲ್ಲಿ ಓದುವವರಿಗೆ ಪರದೆ ಸ್ಫುಟವಾಗಿರಲೇಬೇಕು. 1366×768ರ ಪರದೆ ಇನ್ನೂ ಅಲ್ಲಲ್ಲಿ ಮಾರಾಟಕ್ಕಿದೆ, ಎಷ್ಟೇ ಅಗ್ಗವಾದರೂ ಬೇಡ. ಹತ್ತಿರದ ಪೇಟೆಯ ಅಂಗಡಿಗೆ ಹೋಗಿ ಆ ಮಾದರಿಯ ಮುಂದೆ ಹತ್ತು ನಿಮಿಷ ಕೂತು, ಕೀಬೋರ್ಡಿನಲ್ಲಿ ಒಂದು ಪುಟ ಟೈಪು ಮಾಡಿ, ಮುಚ್ಚಳವನ್ನು ಒಂದೇ ಕೈಯಲ್ಲಿ ತೆರೆದು ಹಿಂಜು ನೋಡಿಕೊಂಡು ಬಾ. ಈ ಮೂರೂ ಆಮೇಲೆ ಬದಲಾಗುವಂಥವಲ್ಲ.

ಗ್ರಾಫಿಕ್ಸ್ ಕಾರ್ಡ್ ಬೇಕೇ ಎಂಬುದನ್ನು ನಿನ್ನ ವಿಭಾಗದವರನ್ನು ಕೇಳು. ಪೈಥಾನ್, ಜಾವಾ ಕಲಿಯಲು ಬೇಡ, ಬಿ.ಕಾಂ.ನವರಿಗೆ ಟ್ಯಾಲಿಗೂ ಬೇಡ. ಮೆಕ್ಯಾನಿಕಲ್, ಆರ್ಕಿಟೆಕ್ಚರ್‌ನವರ ತ್ರೀಡಿ ಕೆಲಸಕ್ಕೆ ಬೇಕು. ತಗೊಂಡರೆ ವ್ಯಾಟ್ ಎಷ್ಟು ಎಂದು ಕೇಳಿಯೇ ತಗೊ. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಚಿಪ್ಪು ಒಂದು ಯಂತ್ರದಲ್ಲಿ 35 ವ್ಯಾಟಿಗೆ ಓಡಿದರೆ ಇನ್ನೊಂದರಲ್ಲಿ 115ಕ್ಕೆ ಓಡುತ್ತದೆ. 'ಕೋಪೈಲಟ್ ಪ್ಲಸ್' ಎಂಬ ಹಣೆಪಟ್ಟಿಗಾಗಿಯೇ ಹೆಚ್ಚು ಕೊಡಬೇಡ. ಆದರೆ ಆ ಪಟ್ಟಿ ಇದ್ದರೆ ಕನಿಷ್ಠ 16 ಜಿಬಿ ರ‍್ಯಾಮ್ ಇದ್ದೇ ಇರುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು.

ಬ್ಯಾಟರಿಯನ್ನು ಅವರು ಹೇಳುವ ಗಂಟೆಗಳಲ್ಲಿ ಅಳೆಯಬೇಡ, ವ್ಯಾಟ್-ಅವರ್‌ನಲ್ಲಿ ಅಳೆ. 42 ವ್ಯಾಟ್-ಅವರ್ ಬ್ಯಾಟರಿಯ ಯಂತ್ರ ಗಂಟೆಗೆ ಸರಾಸರಿ 8 ವ್ಯಾಟ್-ಅವರ್ ಬಳಸಿದರೆ ಐದು ಗಂಟೆ ಬರುತ್ತದೆ, ಹೊಸದಿದ್ದಾಗ. ಊರಲ್ಲಿ ಮಧ್ಯಾಹ್ನ ಕರೆಂಟು ಹೋಗುವುದು ನಿನಗೆ ಗೊತ್ತೇ ಇದೆ, 60ರ ಆಸುಪಾಸಿನದು ಸಿಕ್ಕರೆ ಬಿಡಬೇಡ. ಟೈಪ್-ಸಿಯಲ್ಲಿ ಚಾರ್ಜ್ ಆಗುವಂಥದ್ದಾಗಿರಲಿ. ಆಕಸ್ಮಿಕ ಹಾನಿಯ ರಕ್ಷಣೆ ಕಡಿಮೆ ದುಡ್ಡಿಗೆ ಸಿಕ್ಕರೆ ಹಾಕಿಸು, ಹಾಸ್ಟೆಲಿನಲ್ಲಿ ಕಾಫಿ ಚೆಲ್ಲುವುದು, ಮಂಚದಿಂದ ಬೀಳುವುದು ಇದ್ದದ್ದೇ. ಬಿಲ್ಲಿಲ್ಲದೆ ಕೊಟ್ಟರೆ ಜಿಎಸ್‌ಟಿ ಉಳಿಯುತ್ತದೆ ಎನ್ನುವವರ ಕಡೆ ತಿರುಗಿಯೂ ನೋಡಬೇಡ. ಹಳೆಯ ಯಂತ್ರ ಕೊಳ್ಳುವ ಯೋಚನೆ ಬಂದರೆ ವಿಂಡೋಸ್ 11 ಅಧಿಕೃತವಾಗಿ ಓಡುತ್ತದೆಯೇ ಎಂದು ಮೊದಲು ನೋಡು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಡಬ್ಬ ಮನೆಗೆ ಬಂದ ದಿನವೇ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮರಿ ಒತ್ತು. ಎಷ್ಟು ಜಿಬಿ, ಎರಡರಲ್ಲಿ ಎಷ್ಟು ಸ್ಲಾಟು ತುಂಬಿದೆ ಎಂದು ಅಲ್ಲೇ ತೋರಿಸುತ್ತದೆ. ಫಾರ್ಮ್ ಫ್ಯಾಕ್ಟರ್ ಎದುರು 'ಸೋಡಿಮ್' ಬದಲು 'ರೋ ಆಫ್ ಚಿಪ್ಸ್' ಎಂದಿದ್ದರೆ ಬೆಸುಗೆಯದ್ದೇ. ಆರ್ಡರಿನಲ್ಲಿ ಬರೆದದ್ದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಕರೆ ಮಾಡು. ಕೆಳಗಿನ ಸ್ಟಿಕ್ಕರಿನ ಸೀರಿಯಲ್ ನಂಬರು ಬಿಲ್ಲಿನಲ್ಲೂ ಅದೇ ಇದೆಯೇ ನೋಡು. ಅದನ್ನು ಕಂಪನಿಯ ಸೈಟಿಗೆ ಹಾಕಿದರೆ ವಾರಂಟಿ ಎಂದಿನಿಂದ ಎಂದಿನವರೆಗೆ ಎಂದು ಬರುತ್ತದೆ. ನೀನು ಕೊಂಡ ದಿನಕ್ಕಿಂತ ಹಿಂದಿನ ತಾರೀಕಿದ್ದರೆ ಬಿಲ್ಲಿನ ಫೋಟೊ ಕಳಿಸಿ ಆ ವಾರವೇ ಸರಿಮಾಡಿಸಿಕೋ.