ವಾಹನದ ಒಳಗಣ ಶುಚಿತ್ವ

ವಿದ್ಯಾರ್ಥಿಗಳೇ, 1996ರಲ್ಲಿ ಆರಂಭವಾದ ನಮ್ಮ ಕೋಯಂಬೇಡು ಮಾರುಕಟ್ಟೆಯ ಬಳಿ ಬಿಸಿಲಿನಲ್ಲಿ ನಿಂತ ವಾಹನಗಳನ್ನು ನೀವು ನೋಡಿರುವಿರಿ. ಗಾಜು ಸೂರ್ಯನ ಬೆಳಕನ್ನು ಒಳಕ್ಕೆ ಬಿಡುವುದು. ಒಳಗೆ ಹುಟ್ಟಿದ ಶಾಖವನ್ನು ಸುಲಭವಾಗಿ ಹೊರಕ್ಕೆ ಬಿಡದು. ಈ ಶಾಖದಿಂದಲೂ ಬಿಸಿಲಿನ ಅತಿನೇರಳೆ ಕಿರಣಗಳಿಂದಲೂ ಚಾಲಕನ ಮುಂದಿರುವ ಡ್ಯಾಷ್‌ಬೋರ್ಡಿನ ಪ್ಲಾಸ್ಟಿಕ್ಕು ಕ್ರಮೇಣ ಬಣ್ಣಗೆಟ್ಟು ಬಿರುಕುಬಿಡುವುದು.

ಅದನ್ನು ಕಾಪಾಡುವ ಬಗೆ ಹೇಗೆ? ಮೊದಲು ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಬೇಕು. ಧೂಳಿರುವಾಗಲೇ ಉಜ್ಜಿದರೆ ಮರಳಿನ ಕಣಗಳಿಂದ ಗೀರು ಬೀಳುವುದು. ಅನಂತರ ತಿಳಿಯಾದ ಸಾಬೂನುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರಸಿ, ಒಣಬಟ್ಟೆಯಿಂದ ತೇವವನ್ನು ತೆಗೆಯಬೇಕು. ಪೆಟ್ರೋಲು, ಥಿನ್ನರುಗಳನ್ನು ಸೋಕಿಸಲಾಗದು. ಹೊಳಪಿಗಾಗಿ ಎಣ್ಣೆ ಸವರುವುದೂ ತಪ್ಪು. ಎಣ್ಣೆಗೆ ಧೂಳು ಅಂಟುವುದು. ಮಿಗಿಲಾಗಿ, ಆ ಹೊಳಪು ಮುಂಗಾಜಿನಲ್ಲಿ ಪ್ರತಿಫಲಿಸಿ, ರಸ್ತೆ ದಾಟುತ್ತಿರುವ ಬಾಲಕನನ್ನು ಚಾಲಕನ ಕಣ್ಣಿಗೆ ಮರೆಮಾಡಬಹುದು. ವಾಹನವು ನಿಂತಿರುವಾಗ ಮುಂಗಾಜಿಗೆ ಒಳಗಿನಿಂದ ತೆರೆ ಕಟ್ಟುವುದೇ ಉತ್ತಮ ರಕ್ಷೆ.

ಶುಚಿತ್ವವೇ ಬೇರೆ, ಥಳಕೇ ಬೇರೆ ಎಂಬುದನ್ನು ಮರೆಯದಿರಿ.