ಟ್ರೇಲರ್‌ಗೆ ಬ್ರೇಕ್ ಇದೆಯೇ? ಮೇವು, ದನ ಹೇರುವ ಮುನ್ನ ಕೇಳಿರಿ



ಸುಗ್ಗಿ ಮುಗಿದರೆ ಸಾಕು, ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದಲ್ಲಿ ಜೋಳದ ಕಣಿಕೆ, ಕಡಲೆ ಹೊಟ್ಟು, ಶೇಂಗಾ ಹೊಟ್ಟು ಟ್ರ್ಯಾಕ್ಟರ್ ಟ್ರೇಲರ್ ಏರಿ ಮನೆಗೆ ಬರುತ್ತವೆ. ಕಲಘಟಗಿ ಕಡೆ ಭತ್ತದ ಹುಲ್ಲು, ಗೋವಿನಜೋಳದ ದಂಟು. ಸಾಲ ಮಾಡಿ ಕೊಂಡ ಆಕಳು, ಎಮ್ಮೆಯೂ ಎಷ್ಟೋ ಸಲ ಅದರಲ್ಲೇ ಬರುತ್ತವೆ. ಬಾಡಿಗೆ ಮಾತಾಡುವಾಗ ನಾವು ದರ ಕೇಳುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳುತ್ತೇವೆ. ಟ್ರೇಲರ್‌ಗೆ ಬ್ರೇಕ್ ಇದೆಯೇ ಎಂದು ಕೇಳುವವರು ಕಡಿಮೆ.

ಪಶುವೈದ್ಯರು ಬ್ರೇಕಿನ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ಅನಿಸಬಹುದು. ಒಮ್ಮೆಲೆ ಬ್ರೇಕ್ ಹಾಕಿದಾಗ ನಿಂತ ಆಕಳು ಮುಗ್ಗರಿಸಿ ಬೀಳುತ್ತದೆ. ಹಿಂಗಾಲು ಅಗಲಿ ಸೊಂಟಕ್ಕೆ ಪೆಟ್ಟಾದರೆ ಮತ್ತೆ ಏಳುವುದೇ ಕಷ್ಟ. ಗಬ್ಬದ ದನ ಕಂದು ಹಾಕಬಹುದು, ಕೆಚ್ಚಲಿಗೆ ಗಾಯವಾಗಬಹುದು. ಆಮೇಲೆ ನಾವು ಕೊಡುವ ಚುಚ್ಚುಮದ್ದಿಗಿಂತ ಮೊದಲೇ ನೀವು ಕೇಳುವ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ.

ಬ್ರೇಕ್ ಇಲ್ಲದ ಟ್ರೇಲರ್ ಏನು ಮಾಡುತ್ತದೆ?

2 ಟನ್ ತೂಕದ ಟ್ರ್ಯಾಕ್ಟರ್ 5 ಟನ್ ತೂಕದ ತುಂಬಿದ ಟ್ರೇಲರ್ ಎಳೆಯುತ್ತಿದೆ ಎಂದುಕೊಳ್ಳಿರಿ. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಒಟ್ಟು 7 ಟನ್ ಓಟವನ್ನು ಟ್ರ್ಯಾಕ್ಟರಿನ ಬ್ರೇಕೊಂದೇ ತಡೆಯಬೇಕು. ಬರೀ ಟ್ರ್ಯಾಕ್ಟರ್ ನಿಲ್ಲುವುದಕ್ಕಿಂತ ಅಂದಾಜು ಮೂರೂವರೆ ಪಟ್ಟು ದೂರ ಬೇಕಾಗುತ್ತದೆ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಕು ಪಟ್ಟು ಆಗುತ್ತದೆ. ಹಿಂದಿನ ಭಾರ ಟ್ರ್ಯಾಕ್ಟರನ್ನು ನೂಕಿ ಅಡ್ಡ ತಿರುಗಿಸಿ ಕೆಡವಲೂಬಹುದು. ಕಲಘಟಗಿಯ ಇಳಿಜಾರಿನಲ್ಲಿ, ಮಳೆಗೆ ಜಾರುವ ಎರೆಮಣ್ಣಿನ ಹಾದಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಯಾವ ಯಾವ ಬ್ರೇಕ್‌ಗಳಿವೆ?

ಮನೆಯಲ್ಲಿ ಅಥವಾ ಸಂಘದಿಂದ ಹೊಸ ಟ್ರೇಲರ್ ಮಾಡಿಸುವ ಮಾತು ಬಂದರೆ ಇವುಗಳ ಬಗ್ಗೆ ವಿಚಾರಿಸಿರಿ.

1. ತಳ್ಳುವ ಬ್ರೇಕ್: ಟ್ರ್ಯಾಕ್ಟರ್ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ. ಆ ನೂಕಿನಿಂದಲೇ ಕೊಂಡಿಯೊಳಗಿನ ಸರಳು ಸರಿದು ಟ್ರೇಲರ್ ಚಕ್ರದ ಬ್ರೇಕ್ ಹಿಡಿಯುತ್ತದೆ. ಬೇರೆ ಬೇರೆ ಟ್ರ್ಯಾಕ್ಟರ್‌ಗೆ ಹೂಡಲು ಅನುಕೂಲ, ಹಗುರ ಹೇರಿಗೆ ಸಾಕು. ಹಿಂದಕ್ಕೆ ತೆಗೆಯುವಾಗ ಬ್ರೇಕ್ ಹಿಡಿಯದಂತೆ ಲಾಕ್ ಇರಬೇಕು.

2. ಹೈಡ್ರಾಲಿಕ್ ಬ್ರೇಕ್: ಚಾಲಕ ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡ ಪೈಪಿನ ಮೂಲಕ ಟ್ರೇಲರ್‌ಗೂ ಹೋಗುತ್ತದೆ. ಇದಕ್ಕೆ ಟ್ರ್ಯಾಕ್ಟರ್‌ನಲ್ಲಿ ಟ್ರೇಲರ್ ಬ್ರೇಕ್ ವಾಲ್ವ್ ಬೇಕು. ಟ್ರೇಲರ್ ಎತ್ತಿ ಸುರಿಯುವ ಎಣ್ಣೆ ಪೈಪೇ ಬ್ರೇಕ್ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಎರಡೂ ಬೇರೆ ಬೇರೆ.

3. ಏರ್ ಬ್ರೇಕ್: ಕಂಪ್ರೆಸರ್, ಗಾಳಿ ಟ್ಯಾಂಕ್ ಬೇಕು. ಭಾರಿ ಹೇರಿಗೆ ಒಳ್ಳೆಯದು. ಎರಡು ಪೈಪಿನ ವ್ಯವಸ್ಥೆಯಲ್ಲಿ ಟ್ರೇಲರ್ ಕಳಚಿ ಪೈಪ್ ಹರಿದರೆ ಬ್ರೇಕ್ ತಾನೇ ಹಿಡಿಯುತ್ತದೆ. ಟ್ಯಾಂಕಿನಲ್ಲಿ ಕೂಡುವ ನೀರನ್ನು ಆಗಾಗ ತೆಗೆಯುತ್ತಿರಬೇಕು.

4. ಎಲೆಕ್ಟ್ರಿಕ್ ಬ್ರೇಕ್: ಅಮೆರಿಕದಲ್ಲಿ ದನ-ಕುದುರೆ ಒಯ್ಯುವ ಟ್ರೇಲರ್‌ಗಳಲ್ಲಿ ಇದು ಸಾಮಾನ್ಯ. ಚಾಲಕನ ಹತ್ತಿರ ಒಂದು ಸಣ್ಣ ಕಂಟ್ರೋಲರ್ ಇರುತ್ತದೆ. ಅದು 12 ವೋಲ್ಟ್ ಬ್ಯಾಟರಿಯ ಕರೆಂಟನ್ನು ಟ್ರೇಲರ್ ಚಕ್ರದ ಆಯಸ್ಕಾಂತಕ್ಕೆ ಕಳಿಸುತ್ತದೆ. ಒಂದು ಬಗೆಯ ಕಂಟ್ರೋಲರ್ ಬ್ರೇಕ್ ಒತ್ತಿದ ಮೇಲೆ ಮೊದಲೇ ಗೊತ್ತುಮಾಡಿದಷ್ಟು ಬಲ ಕೊಡುತ್ತದೆ. ಇನ್ನೊಂದು ಬಗೆ, ವಾಹನ ಎಷ್ಟು ಜೋರಾಗಿ ನಿಲ್ಲುತ್ತಿದೆಯೋ ಅಷ್ಟೇ ಬಲ ಕೊಡುತ್ತದೆ. ದನ ಸಾಗಿಸಲು ಎರಡನೆಯದೇ ಮೇಲು, ಜರ್ಕ್ ಕಡಿಮೆ. ನಮ್ಮ ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಇದರ ಬಳಕೆ ತೀರ ಅಪರೂಪ, ಬಿಡಿಭಾಗ ಹುಡುಕುವುದೂ ಕಷ್ಟ. ನಾವು ಇದರ ಬೆನ್ನು ಹತ್ತಬೇಕಿಲ್ಲ. ಆದರೆ ಇದರಿಂದ ಒಂದು ಪಾಠ ಕಲಿಯಬಹುದು: ಬ್ರೇಕಿನ ಬಲ ಹೇರಿಗೆ ತಕ್ಕಂತಿರಬೇಕು. ತುಂಬಿದ ಟ್ರೇಲರ್‌ಗೆ ಹೊಂದಿಸಿದ ಬ್ರೇಕ್ ಖಾಲಿ ಟ್ರೇಲರ್‌ನಲ್ಲಿ ಚಕ್ರವನ್ನು ಬಿಗಿಹಿಡಿದು ಜಾರಿಸುತ್ತದೆ.

ನಮ್ಮಲ್ಲಿ ಹಗುರ ಹೇರಿಗೆ ತಳ್ಳುವ ಬ್ರೇಕ್, ಭಾರದ ಹೇರಿಗೆ ಹೈಡ್ರಾಲಿಕ್ ಅಥವಾ ಏರ್ ಬ್ರೇಕ್ ಸೂಕ್ತ. ನಿಮ್ಮ ಟ್ರ್ಯಾಕ್ಟರ್‌ಗೆ ಯಾವುದು ಕೂಡುತ್ತದೆ ಎಂಬುದನ್ನು ಟ್ರ್ಯಾಕ್ಟರ್ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿಯೇ ಟ್ರೇಲರ್ ಮಾಡಿಸಿರಿ.

ಹೊರಡುವ ಮುನ್ನ ಐದು ಪ್ರಶ್ನೆ

• ಟ್ರ್ಯಾಕ್ಟರಿನ ಎಡ-ಬಲ ಬ್ರೇಕ್ ಪೆಡಲ್ ಎರಡನ್ನೂ ಕೂಡಿಸಿ ಲಾಕ್ ಹಾಕಿದ್ದಾರೆಯೇ? ಹೊಲದಲ್ಲಿ ತಿರುಗಿಸಲು ಬಿಡಿ ಪೆಡಲ್ ಬೇಕು. ರಸ್ತೆಯಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದೇ ಕಡೆಗೆ ಎಳೆದು ಉರುಳಬಹುದು.
• ಕೊಂಡಿಯ ಪಿನ್ನಿಗೆ ಲಾಕ್, ಜೊತೆಗೆ ಸರಪಳಿ ಇದೆಯೇ?
• ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಒಮ್ಮೆ ಬ್ರೇಕ್ ಹಾಕಿ ತೋರಿಸುತ್ತಾರೆಯೇ? ಹಳ್ಳ ದಾಟಿದ ಮೇಲೂ ನಿಧಾನವಾಗಿ ಹೋಗುತ್ತ ಎರಡು-ಮೂರು ಸಲ ಹಗುರಾಗಿ ಒತ್ತಿ ಬ್ರೇಕ್ ಒಣಗಿಸಬೇಕು.
• ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇವೆಯೇ? ಹುಬ್ಬಳ್ಳಿ–ನವಲಗುಂದ, ಹುಬ್ಬಳ್ಳಿ–ಗದಗ ರಸ್ತೆಯಲ್ಲಿ ರಾತ್ರಿ ಇವಿಲ್ಲದೆ ಹೋಗುವುದು ಜೀವಕ್ಕೇ ಅಪಾಯ.
• ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾರೆಯೇ? ಮಾಡಬಾರದು. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಬೇಕು.

ದನ ಹೇರುವಾಗ

ಸಾಧ್ಯವಾದಷ್ಟು ದನಗಳಿಗೆ ಬೇರೆ ಸರಕು ವಾಹನ ಮಾಡಿರಿ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಒಂದು ಸರಕು ವಾಹನದಲ್ಲಿ 6ಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ, ಅವುಗಳ ಜೊತೆ ಬೇರೆ ಸರಕು ತುಂಬುವಂತಿಲ್ಲ, ನೋಡಿಕೊಳ್ಳಲು ಒಬ್ಬರು ಇರಬೇಕು, ಪಶುವೈದ್ಯರ ಪ್ರಮಾಣಪತ್ರವೂ ಬೇಕು. ಮುಖ ಎಂಜಿನ್ ಕಡೆ ಇರಲಿ. ಒಂದು ಆಕಳು ಅಥವಾ ಎಮ್ಮೆಗೆ 2 ಮೀಟರ್ ಉದ್ದ, 1 ಮೀಟರ್ ಅಗಲ ಜಾಗ ಬಿಡಿರಿ. ಕಬ್ಬಿಣದ ತಳದ ಮೇಲೆ ನಾರಿನ ಚಾಪೆ ಹಾಸಿ, ಮೇಲೆ ಹುಲ್ಲು ಹರಡಿರಿ. ಎಂಟು ತಿಂಗಳು ತುಂಬಿದ ಗಬ್ಬದ ದನವನ್ನು ದೂರ ಸಾಗಿಸಲೇಬೇಡಿರಿ. ಖರೀದಿ ಚೀಟಿಯೂ ಕೈಯಲ್ಲಿರಲಿ.

ಮನೆ ಮುಟ್ಟಿದ ಮೇಲೆ ಮೊದಲು ನೀರು, ನೆರಳು, ಒಣಮೇವು ಕೊಡಿರಿ. ಹಿಂಡಿಯನ್ನು ಒಮ್ಮೆಲೇ ಪೂರ್ತಿ ಹಾಕಬೇಡಿರಿ. ಒಂದೆರಡು ದಿನ ಹಾಲು ಕಡಿಮೆಯಾದರೆ ಗಾಬರಿ ಬೇಡ. ಏಳದಿದ್ದರೆ, ಕುಂಟಿದರೆ, ಈಯುವ ಜಾಗದಿಂದ ಸ್ರಾವ ಕಂಡರೆ ಕೂಡಲೇ ವೈದ್ಯರನ್ನು ಕರೆಯಿರಿ.

ಕೊನೆಯದಾಗಿ ನಿಮ್ಮ ಬಗ್ಗೆ

ಹೊಟ್ಟಿನ ಹೇರಿನ ಮೇಲೆ, ಮಡ್‌ಗಾರ್ಡ್ ಮೇಲೆ, ಕೊಂಡಿಯ ಮೇಲೆ ಕೂತು ಬರುವ ಹೆಣ್ಣುಮಕ್ಕಳನ್ನು ದಿನಾಲೂ ನೋಡುತ್ತೇವೆ. ಬ್ರೇಕ್ ಜೋರಾಗಿ ಬಿದ್ದರೆ ಮೊದಲು ಕೆಳಗೆ ಬೀಳುವವರು ಅವರೇ, ಹಿಂದಿನಿಂದ ಬರುವುದು ಟ್ರೇಲರ್ ಚಕ್ರ. ಮೇವು ಟ್ರೇಲರ್‌ನಲ್ಲಿ ಬರಲಿ, ನೀವು ಬಸ್ಸಿಗೆ ಬನ್ನಿರಿ. ಬಾಡಿಗೆ ಕೊಡುವವರು ನೀವು, ಆದ್ದರಿಂದ ಬ್ರೇಕ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸಂಘದ ಮುಂದಿನ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ಓದಿ ಹೇಳಿರಿ. ಊರಿನ ಹತ್ತು ಮನೆಯವರು ಕೇಳತೊಡಗಿದರೆ ಟ್ರ್ಯಾಕ್ಟರ್ ಮಾಲೀಕರೂ ಬ್ರೇಕ್ ಹಾಕಿಸುತ್ತಾರೆ.